ಅಂಗಳದ ತಗಡು

ತಗಡು ನನ್ನ ಅಂಗಳದಲ್ಲೇ ಬಿದ್ದಿತ್ತು. ಹೊಸ ತಗಡು. ಮೇಲಿನ ಹೊದಿಕೆ ಸರಿದ ಕಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನನ್ನ ಮನೆ ಮೇಲೆ ಅರ್ಧ ಸೂರಿರಲಿಲ್ಲ. ಒಳಗೆ ನನ್ನ ಹಿರೀ ಮಗಳು ಸೊಲಾಂಜ್ ತುಂಬಿದ ಬಸುರಿ. ಆದ್ರೂ ಆ ತಗಡನ್ನ ನಾನು ಮುಟ್ಟೋ ಹಾಗಿರಲಿಲ್ಲ.

"ಮುಟ್ಟಬೇಡ ದಿಯೂಲಾ," ಅಂತ ಪಾಸ್ಟರ್ ಅಬ್ನೆರ್ ಹೇಳಿ ಹೋಗಿದ್ದ. "ಜೂನ್ ಕೊನೇಲಿ ತಂಡ ಬರುತ್ತೆ. ಅವರೇ ಹೊದಿಸ್ತಾರೆ. ಅಲ್ಲೀವರೆಗೆ ಒಂದು ಮೊಳೇನೂ ಬಡೀಬೇಡ."

ತಂಡ ಅಂದ್ರೆ ಅಮೆರಿಕದ ಚರ್ಚಿನ ಹುಡುಗ ಹುಡುಗೀರು. ವರ್ಷಾ ವರ್ಷಾ ರಜೆಗೆ ಬರ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ವಾರ ಇರ್ತಾರೆ. ಬಡವರ ಮನೆ ರಿಪೇರಿ ಮಾಡ್ತಾರೆ. ಕೇರಿ ಮಕ್ಕಳಿಗೆ ಬಲೂನು ಊದಿಕೊಡ್ತಾರೆ, ಹಾಡು ಕಲಿಸ್ತಾರೆ, ಸೊಂಟದ ಮೇಲೆ ಎತ್ಕೊಂಡು ಫೋಟೋ ತೆಗೆಸ್ಕೊಳ್ತಾರೆ. ಶನಿವಾರ ಅಳ್ತಾ ಅಳ್ತಾ ಬಸ್ಸು ಹತ್ತುತ್ತಾರೆ. ನಮ್ಮ ಮಕ್ಕಳೂ ಅಳ್ತಾವೆ. ಭಾನುವಾರ ನಾವು ಕೂತು ಮಕ್ಕಳ ಮೂಗೊರೆಸ್ತೀವಿ.

ನಮ್ಮದು ಕಬ್ಬಿನ ಕೇರಿ. ಇಲ್ಲಿಯವರು ಬಾತೆಯ್ ಅಂತಾರೆ. ನಾಲ್ಕೂ ದಿಕ್ಕಿಗೆ ಮಿಲ್ಲಿನವರ ಕಬ್ಬು, ನಡುವೆ ನಾವು. ನಮ್ಮಪ್ಪ ಕಬ್ಬು ಕಡಿಯೋಕೆ ಹೈತಿಯಿಂದ ಬಂದ, ಕಡೀತಾ ಕಡೀತಾ ಸತ್ತ. ನಾನು ಇಲ್ಲೇ ಹುಟ್ಟಿದೆ. ನನ್ನ ಮಕ್ಕಳೂ ಇಲ್ಲೇ ಹುಟ್ಟಿದ್ವು. ಆದ್ರೂ ಈ ದೊಮಿನಿಕನ್ ಸರ್ಕಾರದ ಕಣ್ಣಿಗೆ ನಾವು ಹೊರಗಿನವರೇ. ಗುರುತಿನ ಕಾಗದ ಕೊಡಲ್ಲ. ಸೊಲಾಂಜ್‌ಳ ಗಂಡನ್ನ ಕಾಗದ ಇಲ್ಲ ಅಂತ ರಸ್ತೇಲೇ ಹಿಡಿದು, ಟ್ರಕ್ಕಿಗೆ ತುಂಬ್ಕೊಂಡು ಗಡಿ ಆಚೆ ಸುರಿದು ಬಂದ್ರು. ದೊಡ್ಡಾಸ್ಪತ್ರೆ ಬಾಗಿಲಲ್ಲಿ ಬಸುರೀರನ್ನೂ ಹಿಡೀದೆ ಬಿಡ್ತಿರಲಿಲ್ಲ. ಅದಕ್ಕೇ ಅವಳ ಹೆರಿಗೆ ಮನೇಲೇ ಆಗ್ಬೇಕಿತ್ತು. ಬೇರೆ ದಾರಿ ಇರಲಿಲ್ಲ.

ಮೇ ತಿಂಗಳ ಗಾಳಿಗೆ ಸೂರು ಕಿತ್ಕೊಂಡು ಹೋಯ್ತು. ಹಳೇ ತಗಡು, ತುಕ್ಕು ತಿಂದು ಜರಡಿ ಆಗಿತ್ತು. ಒಂದು ತಗಡು ಕಬ್ಬಿನ ಗದ್ದೇಲಿ ಸಿಕ್ತು, ಮಿಕ್ಕಿದ್ದು ಎಲ್ಲಿ ಹೋಯ್ತೋ ದೇವರೇ ಬಲ್ಲ. ಮೂರನೇ ದಿನಕ್ಕೆ ಪಾಸ್ಟರ್ ನಡೆಸೋ ಮಿಷನ್ನಿನ ಲಾರಿ ಬಂತು. ಹೊಸ ತಗಡು ಇಳಿಸಿದ್ರು. ನಾನು ಕೈ ಮುಗಿದೆ. ಸುಳ್ಳು ಯಾಕೆ ಹೇಳ್ಲಿ, ಕಣ್ಣಲ್ಲಿ ನೀರೂ ಬಂತು. ಆಮೇಲೆ ಆ ಲಾರಿಯವನು ದಪ್ಪ ತಂತಿ ತಗೊಂಡು ತಗಡನ್ನೆಲ್ಲ ಒಟ್ಟಿಗೆ ಬಿಗಿದ. ಮೇಲೆ ನೀಲಿ ತಾಡಪಾಲು ಹೊದಿಸಿದ.

"ಇದ್ಯಾಕಪ್ಪಾ ಹೊದಿಕೆ?" ಅಂತ ಕೇಳಿದೆ.

"ಮಳೆಗೆ ನೆನೀಬಾರ್ದಲ್ಲಮ್ಮ," ಅಂದ.

ತಗಡು ನೆನೀಬಾರದಂತೆ! ನಾವು ನೆನೀಬಹುದು. ನನಗೆ ನಗಬೇಕೋ ಉಗೀಬೇಕೋ ಗೊತ್ತಾಗಲಿಲ್ಲ.

ಆವತ್ತಿಂದ ಶುರುವಾಯ್ತು ನನ್ನ ಪಾಡು. ಬೆಳಿಗ್ಗೆ ಕಬ್ಬಿನ ಕಳೆ ತೆಗೆಯೋಕೆ ಹೋಗ್ತಿದ್ದೆ. ಬಗ್ಗಿ ಬಗ್ಗಿ ನಡು ಬಿದ್ದು ಹೋಗ್ತಿತ್ತು. ಕಬ್ಬಿನ ಗರಿ ಮುಖ ಗೀರಿ, ಬೆವರು ತಾಗಿ ಚುರುಚುರು ಅಂತಿತ್ತು. ಸಾಯಂಕಾಲ ಮನೆಗೆ ಬಂದ್ರೆ ಒಳಗೆ ಕೆಸರು. ಚೆಂಬಲ್ಲಿ ಮೊಗೆದು ಮೊಗೆದು ಹೊರಗೆ ಎರಚಬೇಕು. ಸೊಲಾಂಜ್‌ಳ ಮಂಚ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಗಾಳಿ ಯಾವ ಕಡೆಯಿಂದ ಬಂದ್ರೆ ಅದರ ಎದುರು ಕಡೆಗೆ. ಆ ಹುಡುಗಿ ಹೊಟ್ಟೆ ಹಿಡ್ಕೊಂಡು ಎದ್ದು ನಿಲ್ಲೋಳು. ನಾನು ಎಳೆಯೋಳು. ಅವಳು ಮತ್ತೆ ಮಲಗೋಳು. ಹಾಸಿಗೆ ಹಿಂಡಿದ್ರೆ ನೀರು ಸುರೀತಿತ್ತು.

"ಅವ್ವಾ, ಮಗು ಹುಟ್ಟೋ ಹೊತ್ತಿಗೆ ಸೂರಾಗುತ್ತಾ?" ಅಂತ ದಿನಾ ಕೇಳ್ತಿದ್ಲು.

"ಆಗುತ್ತೆ ಮಗಾ," ಅಂತ ದಿನಾ ಹೇಳ್ತಿದ್ದೆ.

ನಮ್ಮಲ್ಲಿ ಬಾಣಂತಿ ಅಂದ್ರೆ ಬೆಂಕಿ ಪಕ್ಕ ಇಟ್ಟ ಹಾಗೆ ಇಡಬೇಕು. ಸೊಪ್ಪು ಕುದಿಸಿದ ನೀರೆರೆದು, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿ ಕಟ್ಟು, ಕಿವಿಗೆ ಹತ್ತಿ. ಬಾಗಿಲು ಮುಚ್ಚಿರಬೇಕು. ಗಾಳಿ ನುಗ್ಗಬಾರದು, ತೇವ ಮೊದಲೇ ಬೇಡ. ಶೀತ ಹೊಕ್ಕರೆ ತಾಯೀನೂ ಉಳಿಯಲ್ಲ ಮಗೂನೂ ಉಳಿಯಲ್ಲ. ನಮ್ಮ ತಂಗಿ ಹಾಗೇ ಹೋದ್ಲು. ಸೂರಿಲ್ಲದ ಮನೇಲಿ ಬಾಣಂತನ ಅಂದ್ರೆ ಕೊಂದ ಹಾಗೇ. ಅದನ್ನ ಪಾಸ್ಟರ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನೂ ಇದೇ ಕೇರೀಲಿ ಹುಟ್ಟಿದವನು. ಅವನು ಹುಟ್ಟಿದಾಗ ಅವರವ್ವನಿಗೆ ನೀರು ಕಾಯಿಸಿದ್ದು ನಮ್ಮವ್ವ.

ಆದ್ರೂ ಹೋದೆ. ಚರ್ಚಿನ ಮುಂದೆ ತನ್ನ ಬಿಳೀ ಗಾಡಿ ತೊಳೀತಾ ಇದ್ದ. ಕಾಲಿಗೆ ಕೆಸರು ಮೆತ್ಕೊಂಡಿತ್ತು ಅಂತ ನಾನು ದೂರಾನೇ ನಿಂತೆ.

"ಅಬ್ನೆರ್, ಆ ತಂತಿ ಬಿಚ್ಚಿಸಪ್ಪ. ನಾವೇ ಹೊದಿಸ್ಕೊಳ್ತೀವಿ. ಸೊಲಾಂಜ್‌ಗೆ ದಿನ ತುಂಬ್ತಾ ಬಂತು."

"ಪಾಸ್ಟರ್ ಅನ್ನು," ಅಂದ ಮೊದಲು. ಆಮೇಲೆ ದನಿ ತಗ್ಗಿಸಿ, "ನಿನಗೆ ಅರ್ಥ ಆಗಲ್ಲ ದಿಯೂಲಾ. ಆ ಹುಡುಗರು ವರ್ಷವೆಲ್ಲ ಕೇಕು ಮಾರಿ, ಕಾರು ತೊಳೆದು ದುಡ್ಡು ಕೂಡಿಸಿ ಬರ್ತಾರೆ. ಬಂದವರು ಕೈ ಕಟ್ಕೊಂಡು ಕೂತ್ಕೋಬೇಕಾ? ಕೆಳಗಿನ ಕೇರಿಯವರು ತಾವೇ ಹೊದಿಸ್ಕೊಂಡ್ರು, ಏನಾಯ್ತು? ಅಲ್ಲಿಗೆ ಬರ್ತಿದ್ದ ಚರ್ಚಿನವರು ಮುಂದಿನ ವರ್ಷ ಬೇರೆ ದೇಶಕ್ಕೆ ಹೋದ್ರು. ಅವರು ಮಕ್ಕಳಿಗೆ ಕೊಡ್ತಿದ್ದ ಹಾಲಿನಪುಡೀನೂ ಹೋಯ್ತು, ಔಷಧೀನೂ ಹೋಯ್ತು. ಆ ಪಾಪ ನಿನಗೆ ಬೇಕಾ?"

"ಮಗು ಅಷ್ಟರೊಳಗೆ ಬಂದ್ರೆ?"

"ದೇವರ ಮೇಲೆ ಭಾರ ಹಾಕು."

"ದೇವರ ಮೇಲೆ ಹಾಕೋಕೆ ಭಾರ ಬೇಕಾದಷ್ಟಿದೆ. ತಲೆ ಮೇಲೆ ಹಾಕೋಕೆ ತಗಡಿಲ್ಲ."

ಅವನು ನಗಲಿಲ್ಲ. ಗಾಡಿ ಗಾಜು ಒರೆಸಿದ. "ಇನ್ನೊಂದು ಮಾತು. ತಂಡ ಬರೋ ದಿನ ನಿನ್ನ ಚಿಕ್ಕವಳು ವಿಡ್ಲೀನ್‌ಗೆ ಆ ಹಳದಿ ಫ್ರಾಕು ಹಾಕ್ಬೇಡ. ಚಪ್ಪಲೀನೂ ಬೇಡ."

"ಯಾಕೆ? ನಾನೇ ಹೊಲಿದಿದ್ದು ಅದು."

"ಹೇಳಿದಷ್ಟು ಮಾಡು."

ಮೈಯೆಲ್ಲ ಉರಿದು ಹೋಯ್ತು. ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇದೇ. ಕೊಟ್ಟಿದ್ದಾರಂತೆ, ಮುಟ್ಟಬಾರದಂತೆ. ಸೂರು ಮುರಿದಿರಬೇಕು, ಮಕ್ಕಳು ಬರಿಗಾಲಲ್ಲಿರಬೇಕು, ಬಸುರಿ ನೆನೀತಿರಬೇಕು. ಆಗಲೇ ನೋಡೋಕೆ ಬಂದವರ ಮನಸ್ಸು ಕರಗೋದು. ಆದ್ರೆ ಹಾಲಿನಪುಡಿ ನೆನಪಾಯ್ತು, ಕೇರಿ ಮಕ್ಕಳು ನೆನಪಾದ್ವು. ತೆಪ್ಪಗೆ ವಾಪಸ್ ಬಂದೆ.

ವಿಡ್ಲೀನ್ ಮಾತ್ರ ಕುಣೀತಿದ್ಲು. ಏಳು ವರ್ಷದ್ದು, ಅದಕ್ಕೇನು ಗೊತ್ತು. ಹೋದ ವರ್ಷ ತಂಡದಲ್ಲಿ ಮೆಕೆನ್ನಾ ಅಂತ ಒಬ್ಬಳು ಹುಡುಗಿ ಬಂದಿದ್ಲು. ಮೆಕ್ಕೆಜೋಳದ ತೆನೆ ಕೂದಲಿನಂಥ ಕೂದಲು. ವಾರ ಪೂರ್ತಿ ವಿಡ್ಲೀನ್‌ನ ಕೆಳಗಿಳಿಸಿರಲಿಲ್ಲ. ಇದು ಅವಳ ಕೂದಲಿಗೆಲ್ಲ ನಮ್ಮ ಥರ ಸಣ್ಣ ಸಣ್ಣ ಜಡೆ ಹಾಕಿತ್ತು. ಹೋಗುವಾಗ ಅವಳು ಮೊಣಕಾಲೂರಿ, ಮತ್ತೆ ಬರ್ತೀನಿ ಅಂತ ಆಣೆ ಮಾಡಿದ್ಲು. ಆಮೇಲೆ ವರ್ಷ ಪೂರ್ತಿ ನಮ್ಮ ಹುಡುಗಿ ಯಾವ ಬಸ್ಸು ಸದ್ದಾದ್ರೂ ರಸ್ತೆಗೆ ಓಡೋದು. "ಅವ್ವಾ, ಈ ಸಲ ಮೆಕೆನ್ನಾಗೆ ನಾನು ಏನು ಕೊಡ್ಲಿ?" ಅಂತ ಕೇಳೋದು.

"ನಿನ್ನ ಮೂಗಿನ ಸಿಂಬಳ ಕೊಡು," ಅಂತಿದ್ದೆ. ಸಿಟ್ಟು ಯಾರ ಮೇಲೋ, ಬೀಳ್ತಿದ್ದದ್ದು ಮಗು ಮೇಲೆ.

ತಂಡ ಬರೋಕೆ ಇನ್ನೂ ವಾರದ ಮೇಲಿತ್ತು. ಪಾಸ್ಟರ್ ಅವರನ್ನ ಕರ್ಕೊಂಡು ಬರೋ ಏರ್ಪಾಟಿಗೆ ಅಂತ ರಾಜಧಾನಿಗೆ ಹೋಗಿದ್ದ. ಆವತ್ತು ಮಧ್ಯಾಹ್ನ ನಾನು ಗದ್ದೇಲಿದ್ದೆ. ವಿಡ್ಲೀನ್ ಕೂಗ್ತಾ ಓಡಿಬಂತು. "ಅವ್ವಾ, ಅಕ್ಕ ಗೋಡೆ ಹಿಡ್ಕೊಂಡಿದಾಳೆ!"

ಗುದ್ದಲಿ ಅಲ್ಲೇ ಬಿಸಾಕಿದೆ. ಮನೆ ಮುಟ್ಟೋ ಹೊತ್ತಿಗೆ ಆಕಾಶ ಕಪ್ಪಾಗಿತ್ತು. ಸೂಲಗಿತ್ತಿ ಫಿಲೋಮೆನ್ ಅಕ್ಕ ಆಗ್ಲೇ ತೋಳು ಮೇಲೆ ಮಾಡ್ಕೊಂಡು ಕೂತಿದ್ಲು. ಪಕ್ಕದ ಮನೆ ಜಿನೆಟ್ ನೀರು ಕಾಯಿಸ್ತಿದ್ಲು. ಸೊಲಾಂಜ್ ಹಲ್ಲು ಕಚ್ಚಿ ನರಳ್ತಿದ್ಲು. ಮೊದಲ ಹನಿ ಅವಳ ಹೊಟ್ಟೆ ಮೇಲೆ ಬಿತ್ತು. ನಾನು ನೋಡಿದೆ. ದಪ್ಪ ಹನಿ. ಆಮೇಲೆ ಇನ್ನೊಂದು. ಆಮೇಲೆ ಧೋ ಅಂತ ಸುರೀತು.

"ಮಂಚ ಎಳೀರೇ!" ಅಂದ್ಲು ಜಿನೆಟ್.

"ಎಲ್ಲಿಗೆ ಎಳೀತೀಯೇ? ತಲೆ ಕಾಣಿಸ್ತಿದೆ. ಈಗ ಅಲ್ಲಾಡಿಸಂಗಿಲ್ಲ," ಅಂತ ಗದರಿದ್ಲು ಫಿಲೋಮೆನ್ ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ದಿಯೂಲಾ, ಅಂಗಳದಲ್ಲಿ ತಗಡು ಬಿದ್ದಿದೆ. ನಿನ್ನ ಕಣ್ಣೇನು ಇಂಗಿ ಹೋಗಿದೆಯಾ?" ಅಂದ್ಲು.

ನಾನು ಹೊರಗೆ ಬಂದೆ. ತಾಡಪಾಲು ಕಿತ್ತೆಸೆದೆ. ತಗಡು ಒಣಗಿತ್ತು, ಬೆಚ್ಚಗಿತ್ತು. ನನ್ನ ಮಗಳು ನೆನೀತಿದ್ಲು, ತಗಡು ಬೆಚ್ಚಗಿತ್ತು! ಮಚ್ಚಿನ ತುದಿಯನ್ನ ತಂತಿ ಒಳಗೆ ತೂರಿಸಿ ತಿರುಚಿದೆ. ಬರಲಿಲ್ಲ. ಕಾಲು ಕೊಟ್ಟು ತಿರುಚಿದೆ. ಅಂಗೈ ಹರೀತು. ಇನ್ನೊಂದು ಸಲ ತಿರುಚಿದೆ. ತಂತಿ ಟಪ್ ಅಂತ ಕಿತ್ತು ಬಂತು. ಆ ಸದ್ದು ನನ್ನ ಎದೆ ಒಳಗೇ ಆದಂಗಾಯ್ತು.

ಒಂದು ತಗಡು ಎಳೆದು ಒಳಗೆ ತಂದ್ವಿ. ಕೂಗು ಕೇಳಿ ಓಡಿಬಂದ ಅಕ್ಕಪಕ್ಕದ ಇಬ್ಬರು, ಜಿನೆಟ್, ನಾನು, ನಾಲ್ಕು ಜನ ಹೆಂಗಸರು ನಾಲ್ಕು ಮೂಲೆ ಹಿಡಿದು ಮಂಚದ ಮೇಲೆ ಎತ್ತಿ ಹಿಡಿದ್ವಿ. ನಾನು ತಗ್ಗಿನ ಕಡೆ ನಿಂತೆ. ಮಳೆ ನೀರೆಲ್ಲ ನನ್ನ ಬೆನ್ನ ಮೇಲೆ ಇಳೀತು. ತಗಡಿನ ಅಂಚು ಹರಿದ ಅಂಗೈಯನ್ನೇ ಮತ್ತೆ ಕೊಯ್ತಿತ್ತು. ಜಿನೆಟ್ ಅಂತೂ ಅಳ್ತಾ ಅಳ್ತಾನೇ ಹಿಡಿದಿದ್ಲು. "ಇಳಿಸಿದ್ರೆ ನಿನ್ನ ಕತ್ತು ಮುರೀತೀನಿ," ಅಂದೆ. "ಇಳಿಸಲ್ಲ ಹೋಗೇ, ನೀನು ಇಳಿಸ್ಬೇಡ," ಅಂದ್ಲು. ಕೆಳಗೆ ನನ್ನ ಮಗಳು ಕೂಗಿದ್ಲು. ನಾನು ಅವಳ ಕೈ ಹಿಡಿಯೋಕಾಗಲಿಲ್ಲ. ನನ್ನ ಎರಡೂ ಕೈ ಮೇಲಿತ್ತು.

ಹೆಣ್ಣು ಮಗು. ಫಿಲೋಮೆನ್ ಅಕ್ಕ ಕಾಲು ಹಿಡಿದು ತಟ್ಟಿದ್ಲು. ಅತ್ತಿತು. ನಾವು ನಾಲ್ಕು ಜನವೂ ಅತ್ವಿ. ಆದ್ರೂ ತಗಡು ಇಳಿಸಲಿಲ್ಲ. ಮಳೆ ನಿಲ್ಲೋವರೆಗೂ ಹಿಡಿದೇ ನಿಂತಿದ್ವಿ.

ಮಳೆ ನಿಂತ ಮೇಲೆ ಸೆಲೆಸ್ತೆನ್ ಮಾವ ಬಂದ. ಕೇರೀಲಿ ಎಲ್ಲರಿಗಿಂತ ಹಿರಿಯ. ಹಿಂದೆ ನಮ್ಮಲ್ಲಿ ಮನೆ ಕಟ್ಟೋದು, ಸೂರು ಹೊದಿಸೋದು ಎಲ್ಲ ಮುಯ್ಯಾಳಿನ ಮೇಲೆ. ಇವನು ಶಂಖ ಊದಿದ್ರೆ ಮನೆಗೊಬ್ಬರು ಬರಬೇಕು. ದುಡಿದವನು ಆ ಮನೇಲಿ ಉಣ್ಣಬೇಕು. ಉಂಡವನಿಗೆ ಆ ಮನೆಯವರು ಒಂದು ದಿನ ತಿರುಗಿ ದುಡೀಬೇಕು. ದುಡಿದು ಉಣ್ಣದೆ ಎದ್ದು ಹೋದವನು ಶಾಪ ಹಾಕಿ ಹೋದ ಹಾಗೆ, ಜನ್ಮದಲ್ಲಿ ಅವನ ಮುಖ ನೋಡ್ತಿರಲಿಲ್ಲ. ಮಿಷನ್ ಬಂದ ಮೇಲೆ ಇದೆಲ್ಲ ನಿಂತೋಯ್ತು. ತಂಡ ಮಾಡ್ಕೊಡುತ್ತೆ ಅಂತ ಎಲ್ಲರೂ ಕೂತ್ರು. ಮಾವನ ಶಂಖ ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಡೋ ಕಲ್ಲಾಯ್ತು.

ಮಾವ ಮಗು ನೋಡಲಿಲ್ಲ. ನನ್ನ ಅಂಗೈ ನೋಡಿದ.

"ಶಂಖ ಊದ್ಲೇನೇ?"

"ಪಾಸ್ಟರ್ ಬಂದ್ರೆ..."

"ನಾನು ಪಾಸ್ಟರ್‌ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ."

"ಊದು," ಅಂದೆ.

ಮಾರನೇ ದಿನ ಬೆಳಿಗ್ಗೆ ಊದಿದ. ಮೊದಲು ಬರೀ ಗಾಳಿ ಬಂತು. ಧೂಳು ಬಂತು. ಒಂದು ಜಿರಳೇನೂ ಬಂತು. ಹುಡುಗರು ಬಿದ್ದು ಬಿದ್ದು ನಕ್ಕವು. "ನಗ್ರೋ ನಗ್ರೋ ಮುಂಡೇಗಂಡ್ರಾ," ಅಂತ ಬೈದು ಮತ್ತೆ ಊದಿದ. ಈ ಸಲ ಕೂಗಿತು ನೋಡಿ! ಗದ್ದೆ ಆಚೆವರೆಗೂ ಕೇಳಿಸ್ತು. ಮಿಲ್ಲಿನ ಕೆಲಸಕ್ಕೆ ಹೊರಟವರು ದಾರೀಲೇ ನಿಂತ್ರು. ಆ ದಿನದ ಕೂಲಿ ಬಿಟ್ಟು ಬಂದ್ರು. ಸುತ್ತಿಗೆ ಇದ್ದವನು ಸುತ್ತಿಗೆ, ಇಲ್ಲದವನು ಕಲ್ಲು. ಏಣಿ ಮಿಷನ್ನಿನ ಕೋಣೇಲಿ ಬೀಗದೊಳಗಿತ್ತು. ಡ್ರಮ್ಮಿನ ಮೇಲೆ ಡ್ರಮ್ಮು ಪೇರಿಸಿ ಹತ್ತಿದ್ರು. ಹಳೇ ಮೊಳೆ ನೆಟ್ಟಗೆ ಮಾಡೋಕೆ ಮಕ್ಕಳು ಕೂತ್ಕೊಂಡ್ವು. ಬಾಣಂತಿ ಮಗು ಇಬ್ಬರನ್ನೂ ಜಿನೆಟ್ ಮನೆಗೆ ದಾಟಿಸಿದ್ವಿ.

ಮುಯ್ಯಿ ಅಂದ್ಮೇಲೆ ಹಾಡಿರಬೇಕು. ಹಾಡಲ್ಲಿ ಯಾರನ್ನಾದ್ರೂ ಹಂಗಿಸಲೇಬೇಕು. ಮೊದಲು ನನ್ನ ಅನ್ನ ಗಂಜಿ ಅಂದ್ರು. ಆಮೇಲೆ ಜಿನೆಟ್‌ಳ ಗಂಡ ಮೇಲಿಂದ ಶುರು ಹಚ್ಚಿದ:

"ತಗಡು ಕಾಯೋ ಅಬ್ನೆರಣ್ಣ,
ನಿಮ್ಮವ್ವನ ಸೂರು ಯಾರ ಮುಯ್ಯಣ್ಣ?
ಉಂಡ್ಕೊಂಡು ಹೋದೆ, ತಿರುಗ್ಲೇ ಇಲ್ಲ,
ಏಣಿ ಎಲ್ಲಿಟ್ಟೆ ಹೇಳೋ ಅಣ್ಣ?"

ಕೆಳಗಿದ್ದವರು ಎತ್ಕೊಂಡ್ರು. ಮಕ್ಕಳು ಇನ್ನೂ ಜೋರಾಗಿ ಎತ್ಕೊಂಡ್ವು. ಹೊತ್ತು ಇಳಿಯೋದ್ರೊಳಗೆ ಸೂರಾಯ್ತು, ಬಾಣಂತೀನೂ ಮಗೂನೂ ವಾಪಸ್ ಒಳಗೆ ಬಂದ್ರು. ಎಲ್ಲರೂ ಅಂಗಳದಲ್ಲೇ ಕೂತು ಅನ್ನ, ಬೀನ್ಸು, ಒಣಮೀನು ಉಂಡ್ರು. ಯಾರಾರು ಉಂಡ್ರೋ ಅವರಿಗೆಲ್ಲ ನಾನೊಂದು ದಿನ ದುಡೀಬೇಕು. ಆ ಋಣ ನನಗೆ ಹಗುರ ಅನ್ನಿಸ್ತು.

ತಂಡ ಬರೋ ದಿನ ಅಬ್ನೆರ್ ಮುಂಚೇನೇ ಬಂದ. ಗಾಡಿ ಮೇಲೆ ಮಿಷನ್ನಿನ ಅಲ್ಯೂಮಿನಿಯಂ ಏಣಿ, ಕೈಯಲ್ಲಿ ಸುತ್ತಿಗೆ. ಇಳಿದು ನೋಡಿದ. ನೋಡೇ ನೋಡಿದ. ನನ್ನ ಸೂರು ಬಿಸಿಲಿಗೆ ಫಳಫಳ ಅಂತಿತ್ತು.

"ಯಾರು ಹೇಳಿದ್ರು ನಿನಗೆ?"

"ಮಳೆ ಹೇಳಿತು."

"ತಮಾಷೆ ಮಾಡಬೇಡ ದಿಯೂಲಾ! ಬಸ್ಸು ದಾರೀಲಿದೆ. ಇಪ್ಪತ್ತು ಜನ. ನಾನೇನು ತೋರಿಸ್ಲಿ?"

"ಮಗು ತೋರ್ಸು. ವಾರದ ಮಗು ಇದೆ ಒಳಗೆ."

ಅವನು ತಲೆ ಮೇಲೆ ಕೈ ಹೊತ್ತು ಅಂಗಳದಲ್ಲೇ ಸುತ್ತಿದ. ಆಮೇಲೆ ಹತ್ತಿರ ಬಂದು ಮೆತ್ತಗೆ ಅಂದ, "ಎಲ್ಲಾ ಬೇಡ. ಎರಡೇ ಎರಡು ತಗಡು ಬಿಚ್ಚೋಣ. ಅವರು ಮತ್ತೆ ಹೊಡೀತಾರೆ. ಸಂಜೆ ಒಳಗೆ ಮೊದಲಿನ ಹಾಗೇ ಆಗುತ್ತೆ. ಯಾರಿಗೇನು ನಷ್ಟ?"

"ಬಾಣಂತಿ ಮಲಗಿದಾಳೆ ಒಳಗೆ."

"ಮಳೆ ಇಲ್ಲವಲ್ಲ ಈಗ."

"ಅಬ್ನೆರ್, ನಿಮ್ಮವ್ವನ ಮನೆ ಹೊದಿಸೋವಾಗ ನಮ್ಮಪ್ಪ ಮೇಲಿಂದ ಬಿದ್ದು ಕಾಲು ಮುರ್ಕೊಂಡ. ನಿಮ್ಮವ್ವ ಸಾಯೋವರೆಗೂ ನೆನೆಸ್ಕೊಳ್ತಿದ್ಲು. ಆ ಮುಯ್ಯಿ ನೀನಿನ್ನೂ ತೀರಿಸಿಲ್ಲ. ಇವತ್ತು ಸುತ್ತಿಗೆ ಹಿಡ್ಕೊಂಡು ಬಂದೆ, ಅದೂ ಬಿಚ್ಚೋಕೆ."

ಅವನ ಮುಖ ಕಪ್ಪಿಟ್ಟಿತು. ಒಂದು ಗಳಿಗೆ ನನಗೆ ಅನ್ನಿಸ್ತು, ಇವನು ಕೂತು ಅತ್ತುಬಿಡ್ತಾನೆ ಅಂತ. ಅಳಲಿಲ್ಲ. ಏಣಿ ತಂದು ನನ್ನ ಸೂರಿಗೆ ಆನಿಸಿದ. "ಹಾಲಿನಪುಡಿ ನಿಂತ್ರೆ ಕೇರಿಯವರಿಗೆ ನೀನೇ ಉತ್ತರ ಹೇಳು. ನಾನೇ ಬಿಚ್ತೀನಿ, ಸರಿ," ಅಂದ.

ನಾನು ಅವನ ಕೈಯಿಂದ ಸುತ್ತಿಗೆ ಕಿತ್ಕೊಂಡೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ.

"ಹಾಂ, ಹಾಗೆ ಬಾ ದಾರಿಗೆ. ನೀನೇ ಬಿಚ್ಚೋದಾದ್ರೆ ಇನ್ನೂ ಒಳ್ಳೇದು," ಅಂದ ಕೆಳಗಿಂದ.

ಮೇಲೆ ಹೋಗಿ ಕೂತೆ. ಏಣಿ ಮೇಲ್ಗಡೆ ಎರಡೂ ಕೈಯಲ್ಲಿ ಹಿಡಿದು ಎಳೆದೆ. ಹಗುರಾದ ಏಣಿ, ಸರ್ರಂತ ಬಂತು. ತೊಡೆ ಮೇಲೆ ಅಡ್ಡ ಇಟ್ಕೊಂಡೆ.

"ಏಯ್! ಏನು ಮಾಡ್ತಿದೀಯ?"

"ಅಟ್ಟಕ್ಕೇರಿ ಏಣಿ ಒದ್ದವನು ನೀನು. ನಾನು ಒದೆಯಲ್ಲ. ಜೊತೇಲೇ ಇಟ್ಕೊಳ್ತೀನಿ."

ಆಗಲೇ ಬಸ್ಸು ಬಂತು. ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ. ಬೆಳ್ಳಗೆ, ಎತ್ತರಕ್ಕೆ, ನಗ್ತಾ ನಗ್ತಾ ಇಳಿದ್ರು. ಅವರ ಮುಂದಾಳು ಗ್ಯಾರಿ ಅಂತ, ವಯಸ್ಸಾದವನು, ಒಳ್ಳೇ ಮನುಷ್ಯ, ಬಂದಾಗೆಲ್ಲ ಎಲ್ಲರ ಕೈ ಕುಲುಕ್ತಾನೆ. ಅಬ್ನೆರ್ ಗಾಬರಿಯಲ್ಲಿ ಮಕ್ಕಳ ಕಡೆ ಕೈ ಬೀಸಿದ, ಹಾಡಿ ಅಂತ. ಚರ್ಚಿನಲ್ಲಿ ತಿಂಗಳಿಂದ ಸ್ವಾಗತದ ಹಾಡು ಕಲಿಸಿದ್ದ. ಮಕ್ಕಳು ಸಾಲಾಗಿ ನಿಂತಿದ್ವು. ಮುಂದೆ ನಮ್ಮ ವಿಡ್ಲೀನ್, ಹಳದಿ ಫ್ರಾಕು, ಕಾಲಲ್ಲಿ ಚಪ್ಪಲಿ. ಅದು ಮೇಲೆ ಕೂತಿದ್ದ ನನ್ನ ನೋಡಿತು. ನಾನೇನೂ ಸನ್ನೆ ಮಾಡಲಿಲ್ಲ, ಮೇರಿ ತಾಯಿ ಆಣೆ. ಬಾಯಿ ತೆಗೆದು ಶುರು ಮಾಡೇಬಿಡ್ತು:

"ತಗಡು ಕಾಯೋ ಅಬ್ನೆರಣ್ಣ..."

ಅಷ್ಟೂ ಮಕ್ಕಳು ಎತ್ಕೊಂಡ್ವು. ಕುಣಿದು ಕುಣಿದು ಹಾಡಿದ್ವು. ತಂಡದವರಿಗೆ ನಮ್ಮ ಮಾತು ತಿಳೀದು, ಖುಷಿಯೋ ಖುಷಿ. ಚಪ್ಪಾಳೆ ಹೊಡೆದು ತಾವೂ ಕುಣಿದ್ರು. "ಅಬ್ನೆರಣ್ಣ" ಅಂತ ಬಂದಾಗೆಲ್ಲ ಗ್ಯಾರಿ ಅವನ ಭುಜ ತಟ್ಟಿದ. ಅಬ್ನೆರ್ ನಗ್ತಾ ನಿಂತಿದ್ದ. ಆ ನಗು ನೋಡಿ ನನಗೂ ಪಾಪ ಅನ್ನಿಸ್ತು. ಆದ್ರೂ ಇಳೀಲಿಲ್ಲ.

ಮೆಕೆನ್ನಾ ಓಡಿಬಂದು ವಿಡ್ಲೀನ್‌ನ ಎತ್ಕೊಂಡ್ಲು. ಅವಳಿಗೆ ಶಾಲೇಲಿ ಕಲಿತ ಸ್ಪ್ಯಾನಿಷ್ ಅಷ್ಟೋ ಇಷ್ಟೋ ಬರುತ್ತೆ, ನನಗೂ ಬರುತ್ತೆ. ಮೇಲೆ ನೋಡಿ, "ಅಮ್ಮಾ, ಅಲ್ಲೇನು ಮಾಡ್ತಿದೀರಿ?" ಅಂದ್ಲು.

"ಕಾಯ್ತಿದೀನಿ. ಕೆಳಗೆ ನನ್ನ ಮೊಮ್ಮಗಳು ಮಲಗಿದಾಳೆ. ವಾರದ ಮಗು. ನಿಮ್ಮ ಪಾಸ್ಟರ್ ಅದರ ತಲೆ ಮೇಲಿನ ತಗಡು ಬಿಚ್ಚು ಅಂತಾನೆ. ನೀವು ಮತ್ತೆ ಹೊಡೀಬೇಕಂತೆ, ಅದಕ್ಕೆ."

ಹುಡುಗಿ ಮುಖ ಬಿಳಿಚ್ಕೊಳ್ತು. ಗ್ಯಾರಿ ಹತ್ತಿರ ಹೋಗಿ ಹೇಳಿದ್ಲು. ಅವನು ಅಬ್ನೆರ್ ಕಡೆ ನೋಡಿದ, ನನ್ನ ಕಡೆ ನೋಡಿದ, ಗಡ್ಡ ಕೆರೆದ. ಆಮೇಲೆ ಏನೋ ಹೇಳಿದ. ಅವಳು ನೆಲ ನೋಡ್ತಾ ನನಗೆ ತಿಳಿಸಿದ್ಲು, "ಬಿಚ್ಚೋದು ಬೇಡ ಅಂತಾರೆ. ತುಂಬಾ ತಪ್ಪಾಯ್ತು ಅಂತಾರೆ. ಆದ್ರೆ... ಒಂದು ಮೂಲೇಲಿ ಒಂದೆರಡು ಮೊಳೆ ನಾವು ಹೊಡೀಬಹುದಾ ಅಂತ ಕೇಳ್ತಾರೆ. ಫೋಟೋಗೆ. ದುಡ್ಡು ಕೊಟ್ಟವರಿಗೆ ತೋರಿಸ್ಬೇಕು."

ಒಳ್ಳೇ ಮನುಷ್ಯನ ಬಾಯಲ್ಲಿ ಈ ಮಾತು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಕೈ ಸುತ್ತಿಗೆ ಹಿಡಿ ಮೇಲೆ ಬಿಗೀತು. ಮಳೇಲಿ ತಗಡು ಹಿಡಿದು ನಿಂತ ನಾಲ್ಕು ಜನರ ಫೋಟೋ ಯಾರೂ ತೆಗೀಲಿಲ್ಲ. ಆದ್ರೂ ಸುಮ್ಮನೆ ಅಂದೆ, "ಹೊಡೀಲಿ. ಆದ್ರೆ ಮೊದಲು ಕೂತು ಉಣ್ಣಲಿ. ನೀವು ಬರ್ತೀರಿ ಅಂತ ಬೆಳಿಗ್ಗೇನೇ ಅನ್ನ ಬೀನ್ಸು ಇಟ್ಟಿದೀನಿ. ನಮ್ಮಲ್ಲಿ ಉಣ್ಣದ ಕೈ ಸೂರು ಮುಟ್ಟಂಗಿಲ್ಲ."

ಮೆಕೆನ್ನಾ ಗ್ಯಾರಿ ಕಡೆ ನೋಡಿದ್ಲು. ಅವನು ಮೆತ್ತಗೆ ತಲೆ ಅಲ್ಲಾಡಿಸಿದ. ಅವರಿಗೆ ಕೇರಿ ಊಟ ನಿಷೇಧ, ಹೊಟ್ಟೆ ಕೆಡುತ್ತಂತೆ. ಬಸ್ಸಲ್ಲಿ ಅವರದ್ದೇ ಬ್ರೆಡ್ಡು, ಅವರದ್ದೇ ಬಾಟಲಿ ನೀರು. ಇಷ್ಟು ವರ್ಷ ನಮ್ಮ ಮನೆ ರಿಪೇರಿ ಮಾಡಿದಾರೆ, ಒಂದು ತುತ್ತು ಉಂಡಿಲ್ಲ.

ವಿಡ್ಲೀನ್‌ಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು. ಅದು ಕೆಳಗಿಳಿದು ಒಲೆ ಹತ್ತಿರ ಓಡ್ತು. ತಟ್ಟೆ ತುಂಬ ಅನ್ನ ಹಾಕ್ಕೊಂಡು, ಮೇಲೊಂದು ಮೀನಿನ ತುಂಡಿಟ್ಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಕೊಡ್ತು. ಏನು ಕೊಡ್ಲಿ ಏನು ಕೊಡ್ಲಿ ಅಂತ ವರ್ಷ ಪೂರ್ತಿ ಕೇಳ್ತಿತ್ತಲ್ಲ, ಕೊನೆಗೆ ಕೊಡೋಕೆ ಅದೇ ಸಿಕ್ತು. ಮೆಕೆನ್ನಾ ತಟ್ಟೆ ಹಿಡಿದು ನಿಂತ್ಲು. ಕಣ್ಣಲ್ಲಿ ನೀರು ತುಂಬ್ಕೊಂಡ್ಲು. ಇವಳು ಉಣ್ತಾಳೆ ಅಂತ ನಾನೂ ಮೇಲಿಂದ ಕಾದೆ. ಉಣ್ಣಲಿಲ್ಲ. ತಟ್ಟೆಯನ್ನ ಮೆಟ್ಟಿಲ ಮೇಲಿಟ್ಟು ವಿಡ್ಲೀನ್ ತಲೆ ಸವರಿದ್ಲು. ಜಿನೆಟ್‌ಳ ಕೋಳಿ ಬಂದು ಕುಕ್ಕೋಕೆ ಶುರು ಮಾಡ್ತು.

ನನ್ನ ಮಗು ಕೋಳಿ ನೋಡಿತು, ಅವಳ ಮುಖ ನೋಡಿತು. "ಅವ್ವಾ, ಅವಳು ಉಣ್ಣಲ್ಲ," ಅಂತ ಕೂಗಿತು.

"ಗೊತ್ತು ಮಗಾ. ಈ ಕಡೆ ಬಾ."

ಬಂದು ಗೋಡೆಗೆ ಒರಗಿ ನಿಂತಿತು. ಮತ್ತೆ ಆ ಕಡೆ ಹೋಗಲಿಲ್ಲ.

"ಹಾಗಾದ್ರೆ ಇಲ್ಲಿ ಕೆಲಸ ಇಲ್ಲ," ಅಂದೆ ನಾನು, ಎಲ್ಲರಿಗೂ ಕೇಳೋ ಹಾಗೆ. "ಅಬ್ನೆರ್, ಇವರನ್ನ ಕರ್ಕೊಂಡು ಹೋಗು."

"ಏಣಿ ಕೊಡು," ಅಂದ ಅವನು. "ಸೆಲೆಸ್ತೆನ್ ಮನೆ ಮೇಲೆ ಎರಡು ತಗಡು ಬಿಚ್ಚಿಸ್ತೀನಿ. ಮುದುಕ ಏನೂ ಅನ್ನಲ್ಲ."

"ಆ ಮುದುಕ ಶಂಖ ಊದಿದವನು. ಅವನಿಗೆ ನಾನೊಂದು ದಿನ ದುಡೀಬೇಕು. ಇವತ್ತೇ ದುಡೀತಿದೀನಿ."

"ಏಣಿ ಮಿಷನ್ನಿಂದು ದಿಯೂಲಾ!"

"ತಗಡೂ ಮಿಷನ್ನಿಂದೇ ಆಗಿತ್ತು. ಬಂದು ತಗೋ."

ಹೇಗೆ ಬರ್ತಾನೆ? ಹತ್ತೋಕಿದ್ದ ಡ್ರಮ್ಮುಗಳ ಮೇಲೆಲ್ಲ ಹೆಂಗಸರು ಕೂತಿದ್ರು. ಅವರ ಲಂಗದ ಚುಂಗು ಹಿಡ್ಕೊಂಡು ಮಕ್ಕಳು ಕೂತಿದ್ವು. ಯಾರೂ ಏಳಲಿಲ್ಲ. ಕೆಲವರ ಮುಖ ಬಾಡಿತ್ತು, ಹಾಲಿನಪುಡಿ ಲೆಕ್ಕ ಅವರ ತಲೇಲೂ ಓಡ್ತಿತ್ತು. ನನ್ನ ತಲೇಲೂ ಓಡ್ತಿತ್ತು. ನಾಳೆ ಇವರೇ ನನ್ನ ಬೈಬಹುದು. ಬೈಲಿ. ಇವತ್ತು ಏಳಲಿಲ್ಲ.

ಪಶ್ಚಿಮದ ಕಡೆ ಕಬ್ಬು ಬಾಗಿತು. ಗಾಳಿ ಹಿಂದೇನೇ ಮಳೆ ಬಂತು. ಕಿತ್ತಳೆ ಅಂಗಿಗಳೆಲ್ಲ ಕಿರುಚ್ತಾ ಬಸ್ಸಿಗೆ ಓಡಿದ್ವು. ಹೆಂಗಸರು ಸೂರಿನ ಚಾಚಿನ ಕೆಳಗೆ ಒತ್ಕೊಂಡ್ರು. ಅಬ್ನೆರ್ ಮಾತ್ರ ಅಂಗಳದಲ್ಲಿ ನೆನೀತಾ ನಿಂತಿದ್ದ.

"ಇಳಿಯೇ, ಸಿಡಿಲು ಗಿಡಿಲು ಹೊಡೆದೀತು!" ಅಂತ ಕೂಗಿದ.

ನಾನು ಇಳೀಲಿಲ್ಲ. ಮಳೆ ನೆತ್ತಿ ಮೇಲೆ, ಬೆನ್ನ ಮೇಲೆ, ಗಾಯದ ಅಂಗೈ ಮೇಲೆ ಹೊಡೀತು. ಕೆಳಗಿಂದ ಮಗು ಅತ್ತ ಸದ್ದು ಕೇಳಿಸ್ತು. ನಾನು ಬಗ್ಗಿ, ಬಾಯಿ ತಗಡಿಗಿಟ್ಟು ಕೂಗಿದೆ.

"ಸೊಲಾಂಜ್! ಸೋರ್ತಿದೆಯೇನೇ?"

ಮಗು ಅಳು ನಿಂತಿತು. ಆಮೇಲೆ ಅವಳ ದನಿ ಬಂತು.

"ಇಲ್ಲ ಕಣವ್ವಾ. ಒಂದು ಹನೀನೂ ಇಲ್ಲ. ನೀನೆಲ್ಲಿದೀಯ?"

"ಇಲ್ಲೇ ಇದೀನಿ. ಮಲ್ಕೋ," ಅಂದೆ.